ಕೊಡಗಲ್ಲಿ ಕೂತು ದೂರದ ಮಿಲಿಟರಿ ಸ್ಕೂಲು, ಅಕಾಡೆಮಿ ನೋಡೋದು ಆರಿಸೋದು ಹೇಗೆ: ಅಪ್ಪ ಅಮ್ಮಂದಿರಿಗೆ ಒಂದು ಉದ್ದದ ಗೈಡ್

ನಮ್ಮ ಕಡೆ ಒಂದು ವಿಚಿತ್ರ ಇದೆ. ಪ್ರತಿ ಮನೇಲೂ ಒಬ್ರು ಮಿಲಿಟರಿಯವ್ರು ಇದ್ದಾರೆ, ಹಾಲ್‌ನಲ್ಲಿ ಯೂನಿಫಾರ್ಮ್ ಫೋಟೋ ಇದೆ, ಮಡಿಕೇರಿಗೆ ಹೋದ್ರೆ ಸರ್ಕಲ್‌ಗೊಂದು ಪ್ರತಿಮೆ ಇದೆ, ಆದ್ರೂ "ಮಗನ್ನ ಸೈನಿಕ್ ಸ್ಕೂಲಿಗೆ ಹಾಕ್ಬೇಕು, ಎಲ್ಲಿಂದ ಶುರು ಮಾಡ್ಲಿ" ಅಂತ ಕೇಳಿದ್ರೆ ಸರಿಯಾಗಿ ಹೇಳೋರು ಸಿಗಲ್ಲ. ಸಿಗೋದು ಏನು ಅಂದ್ರೆ ಅವ್ರ ಕಾಲದ ಕಥೆ. ನಮ್ಮ ಮಾವ ರಿಟೈರ್ಡ್ ಸುಬೇದಾರ್, ಒಳ್ಳೆ ಮನುಷ್ಯ, ಆದ್ರೆ ಅವ್ರು ಹೇಳಿದ ಅರ್ಧ ವಿಷಯ 1985ರದ್ದು, ಅದನ್ನ ನಂಬ್ಕೊಂಡು ನಾವು ಒಂದು ವರ್ಷ ಕಳ್ಕೊಂಡ್ವಿ. ಮಗ ಈಗ ವಿಜಯಪುರದ ಸೈನಿಕ್ ಸ್ಕೂಲಲ್ಲಿ ಓದ್ತಿದ್ದಾನೆ, ಅಕ್ಕನ ಮಗಳು ಎನ್‌ಡಿಎಗೆ, ಅಂದ್ರೆ ಸೇನೆಯ ಆಫೀಸರ್‌ಗಳನ್ನ ತಯಾರು ಮಾಡೋ ನ್ಯಾಷನಲ್ ಡಿಫೆನ್ಸ್ ಅಕಾಡೆಮಿಗೆ, ಬರೀತಿದ್ದಾಳೆ, ಈ ಎರಡರ ಮಧ್ಯೆ ನಾನು ಕಲಿತಿದ್ದನ್ನ ಗೋಣಿಕೊಪ್ಪ ಸಂತೇಲಿ ಸಿಕ್ಕೋರಿಗೆಲ್ಲ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡ್ತೀನಿ.

ಮೊದ್ಲೇ ಒಂದು ಮಾತು. ಸ್ಕೂಲ್ ನೋಡೋಕೆ ಹೋಗೋದು ಅಂದ್ರೆ ಗೇಟು, ಟ್ಯಾಂಕು, ಪರೇಡ್ ಗ್ರೌಂಡ್ ಮುಂದೆ ಫೋಟೋ ತೆಗ್ಸೋಕೆ ಅಂದ್ಕೊಂಡಿದ್ದೆ ನಾನು. ಅಲ್ಲ. ನೀವು ನೋಡ್ಬೇಕಾಗಿರೋದು ನಿಮ್ಮ ಮನೆ ಬಾಗಿಲಿಂದ ಆ ಗೇಟಿನ ತನಕ ಇರೋ ದಾರಿ. ರಜೆಗೆ ಮಗು ಅದೇ ದಾರೀಲಿ ಬರ್ಬೇಕು, ಜ್ವರ ಬಂದ್ರೆ ನೀವು ಅದೇ ದಾರೀಲಿ ಓಡ್ಬೇಕು.

ಮೊದಲ ಹೆಜ್ಜೆ: ಮಗು ವಯಸ್ಸು ನೋಡಿ, ಆಮೇಲೆ ಸ್ಕೂಲ್ ಹೆಸರು

ನಾವು ತಪ್ಪು ಮಾಡಿದ್ದೇ ಇಲ್ಲಿ. ಮಿಲಿಟರಿ ಬಾಗಿಲುಗಳು ವಯಸ್ಸಿನ ಲೆಕ್ಕದಲ್ಲಿ ತೆಗೆಯುತ್ತೆ, ಮುಚ್ಚುತ್ತೆ, ಒಂದು ದಿನ ಜಾಸ್ತಿ ಆದ್ರೂ ಯಾರ ಶಿಫಾರಸ್ಸೂ ನಡೆಯಲ್ಲ.

ಸೈನಿಕ್ ಸ್ಕೂಲ್ ಆದ್ರೆ ಆರನೇ ಕ್ಲಾಸಿಗೆ ಆ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷದೊಳಗೆ ಇರ್ಬೇಕು, ಒಂಬತ್ತನೇ ಕ್ಲಾಸಿಗೆ 13ರಿಂದ 15. ನಮಗೆ ಹತ್ರದ್ದು ಕೂಡಿಗೆಯದ್ದು, ಕುಶಾಲನಗರದಿಂದ ಹಾಸನ ರೋಡಲ್ಲಿ ಸ್ವಲ್ಪ ದೂರ, 2007ರಲ್ಲಿ ಶುರುವಾಗಿದ್ದು. ಇನ್ನೊಂದು ಹಳೇದು ವಿಜಯಪುರದ್ದು, 1963ರದ್ದು. ಎರಡಕ್ಕೂ ಒಂದೇ ಎಂಟ್ರೆನ್ಸ್, ಎಐಎಸ್‌ಎಸ್‌ಇಇ ಅಂತಾರೆ, ಕೇಂದ್ರದ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತೆ. ಈಗ ಹೆಣ್ಮಕ್ಕಳಿಗೂ ಸೀಟಿದೆ, ಇದು ಇನ್ನೂ ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ.

ರಾಷ್ಟ್ರೀಯ ಮಿಲಿಟರಿ ಸ್ಕೂಲ್ ಅನ್ನೋದು ಬೇರೆ, ಸೈನಿಕ್ ಸ್ಕೂಲ್ ಬೇರೆ, ಎರಡನ್ನೂ ಒಂದು ಮಾಡ್ಬೇಡಿ. ಇಡೀ ದೇಶಕ್ಕೆ ಐದೇ ಐದು, ಅದರಲ್ಲಿ ಎರಡು ನಮ್ಮ ರಾಜ್ಯದಲ್ಲೇ ಇರೋದು ನಮ್ಮ ಅದೃಷ್ಟ: ಬೆಳಗಾವಿ 1945ರದ್ದು, ಬೆಂಗಳೂರು 1946ರದ್ದು. ಉಳಿದ ಮೂರು ಅಜ್ಮೇರ್, ಧೋಲ್ಪುರ್, ಹಿಮಾಚಲದ ಚೈಲ್. ಇಲ್ಲಿ ಹೆಚ್ಚಿನ ಸೀಟು ಜವಾನರು ಮತ್ತು ಜೆಸಿಒಗಳ (ಸುಬೇದಾರ್ ಥರದ ರ‍್ಯಾಂಕಿನವ್ರ) ಮಕ್ಕಳಿಗೆ, ರಿಟೈರ್ ಆದವ್ರ ಮಕ್ಕಳೂ ಅದರಲ್ಲೇ ಬರ್ತಾರೆ. ಅಂದ್ರೆ ಅಪ್ಪ ಹವಾಲ್ದಾರ್ ಆಗಿ ಬಂದು ತೋಟ ನೋಡ್ಕೊಂಡಿದ್ರೆ ಈ ಬಾಗಿಲು ಬಿಡ್ಲೇಬೇಡಿ. ತಾತ ಮಿಲಿಟರಿ ಅಂದ್ರೆ ಆಗಲ್ಲ, ಅಪ್ಪ ಅಥವಾ ಅಮ್ಮ ಆಗಿರ್ಬೇಕು, ನಾವು ಮಾವನ ಡಿಸ್ಚಾರ್ಜ್ ಬುಕ್ ಹಿಡ್ಕೊಂಡು ಓಡಾಡಿದ್ದು ನೆನಪಾದ್ರೆ ಈಗ ನಗು ಬರುತ್ತೆ.

ಆರ್‌ಐಎಂಸಿ, ಅಂದ್ರೆ ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜ್, ಡೆಹ್ರಾಡೂನ್‌ದು. 1922ರಿಂದ ಇದೆ, ನಮ್ಮ ಜನರಲ್ ತಿಮ್ಮಯ್ಯ ಓದಿದ ಜಾಗ, ಅಲ್ಲಿಂದ ಅವ್ರು ಸ್ಯಾಂಡ್‌ಹರ್ಸ್ಟ್‌ಗೆ ಹೋದ್ರು. ಎಂಟನೇ ಕ್ಲಾಸಿಗೆ ಮಾತ್ರ ಸೇರ್ಸ್ಕೊಳ್ಳೋದು, ಹನ್ನೊಂದೂವರೆ ಆಗಿರ್ಬೇಕು, ಹದಿಮೂರು ತುಂಬಿರಬಾರದು. ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪರೀಕ್ಷೆ. ಇಂಗ್ಲಿಷ್ 125, ಗಣಿತ 200, ಜನರಲ್ ನಾಲೆಡ್ಜ್ 75, ಆಮೇಲೆ ಪಾಸಾದೋರಿಗೆ 50 ಮಾರ್ಕಿನ ವೈವಾ. ಸೀಟು ಬೆರಳೆಣಿಕೆ, ಇಡೀ ಸ್ಕೂಲೇ 250 ಚಿಲ್ಲರೆ ಮಕ್ಕಳದ್ದು, ಅದ್ರಲ್ಲಿ ರಾಜ್ಯಕ್ಕೊಂದೋ ಎರಡೋ. 2022ರಿಂದ ಹೆಣ್ಮಕ್ಕಳೂ ಹೋಗ್ಬಹುದು.

ಈ ಮೂರೂ ತಪ್ಪಿಹೋಯ್ತು ಅಂದ್ರೆ ಆಕಾಶ ಬಿದ್ದಿಲ್ಲ. ಪಿಯುಸಿ ಆದ್ಮೇಲೆ ಎನ್‌ಡಿಎ ಇದೆ, ಪುಣೆ ಹತ್ರ ಖಡಕ್‌ವಾಸ್ಲಾ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸು, ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ಮಾಡುತ್ತೆ, ಡಿಸೆಂಬರ್ ಮತ್ತು ಮೇ ಆಸುಪಾಸಲ್ಲಿ ನೋಟಿಫಿಕೇಶನ್. ಆರ್ಮಿಗೆ ಯಾವ ಕಾಂಬಿನೇಶನ್ ಆದ್ರೂ ನಡೆಯುತ್ತೆ, ನೇವಿ ಏರ್‌ಫೋರ್ಸಿಗೆ ಮಾತ್ರ ಸೈನ್ಸ್ ಬೇಕು, ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇಲ್ದೆ ಆಗಲ್ಲ. ಇದನ್ನ ಎಸ್‌ಎಸ್‌ಎಲ್‌ಸಿ ಮುಗಿದ ತಕ್ಷಣ ಯೋಚಿಸಿ, ಪಿಯು ಕಾಲೇಜಲ್ಲಿ ಕಾಂಬಿನೇಶನ್ ತಗೊಂಡ್ಮೇಲೆ ಅತ್ತು ಪ್ರಯೋಜನ ಇಲ್ಲ. ಸೈನಿಕ್ ಸ್ಕೂಲಲ್ಲಿ ಓದಿದ್ರೆ ಎನ್‌ಡಿಎ ಸೀಟು ಗ್ಯಾರಂಟಿ ಅಂತ ಒಂದು ನಂಬಿಕೆ ಇದೆ, ಅದೂ ಸುಳ್ಳು, ಅಲ್ಲಿ ಓದಿದೋರೂ ಇದೇ ಪರೀಕ್ಷೆ ಬರೀಬೇಕು, ಇದೇ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿಯ ಇಂಟರ್‌ವ್ಯೂ) ಎದುರಿಸ್ಬೇಕು.

ಮತ್ತೆ ಎಝಿಮಲ. ಇದನ್ನ ಬೇರೆಯಾಗಿ ಹೇಳ್ತೀನಿ ಯಾಕಂದ್ರೆ ಕೊಡಗಿನೋರು ಇದನ್ನ ಮರೀತಾರೆ. ಇಂಡಿಯನ್ ನೇವಲ್ ಅಕಾಡೆಮಿ ಇರೋದು ಕಣ್ಣೂರು ಜಿಲ್ಲೇಲಿ, ಪಯ್ಯನ್ನೂರು ಹತ್ರ, 2009ರಲ್ಲಿ ಉದ್ಘಾಟನೆ ಆಗಿದ್ದು. ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ತಳಿಪರಂಬ ಮೇಲೆ ಹೋದ್ರೆ ನೂರು ಕಿಲೋಮೀಟರ್ ಚಿಲ್ಲರೆ ಅಷ್ಟೇ. ನಮಗೆ ಬೆಂಗಳೂರಿಗಿಂತ ಹತ್ರ! ಜೆಇಇ ಮೇನ್ ರ‍್ಯಾಂಕ್ ಮೇಲೆ ಎಸ್‌ಎಸ್‌ಬಿಗೆ ಕರೀತಾರೆ, ಆಯ್ಕೆ ಆದ್ರೆ ನಾಲ್ಕು ವರ್ಷ ಬಿಟೆಕ್, ಖರ್ಚೆಲ್ಲ ನೇವಿದು. ಬೆಟ್ಟದ ಮಕ್ಕಳಿಗೆ ಸಮುದ್ರ ಯಾಕೆ ಅನ್ನೋರು ಇದ್ದಾರೆ, ಅವ್ರಿಗೆ ಉತ್ತರ ಕೊಡ್ತಾ ಕೂರ್ಬೇಡಿ.

ಡಾಕ್ಟರ್ ಆಗ್ಬೇಕು ಅನ್ನೋ ಮಗು ಇದ್ರೆ ಪುಣೆಯ ಎಎಫ್‌ಎಂಸಿ, ಸೇನೆಯ ಮೆಡಿಕಲ್ ಕಾಲೇಜು, ನೀಟ್ ಮೂಲಕ. ಡಿಗ್ರಿ ಆದೋರಿಗೆ ಸಿಡಿಎಸ್ ಪರೀಕ್ಷೆ ಬರೆದು ಆರ್ಮಿ ಆಫೀಸರ್ ಟ್ರೈನಿಂಗಿನ ಅಕಾಡೆಮಿಗಳು, ಡೆಹ್ರಾಡೂನ್ ಐಎಂಎ ಅಥವಾ ಚೆನ್ನೈ ಒಟಿಎ. ಇದು ಬೇರೆ ಕಥೆ, ಇಲ್ಲಿಗೆ ಬಿಡ್ತೀನಿ.

ಎರಡನೇದು: ಮೆಡಿಕಲ್ ಮೊದ್ಲೇ ಮಾಡ್ಸಿ

ಇದನ್ನ ಯಾರೂ ಮೊದ್ಲು ಹೇಳಲ್ಲ. ಕೋಚಿಂಗಿಗೆ ಐವತ್ತು ಸಾವಿರ ಸುರಿಯೋ ಮುಂಚೆ ಮೈಸೂರಲ್ಲೋ ಮಡಿಕೇರೀಲೋ ಒಬ್ಬ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಕಲರ್ ವಿಷನ್ ಚೆಕ್ ಮಾಡ್ಸಿ, ಚುಕ್ಕಿ ಚುಕ್ಕಿ ಇರೋ ಪುಸ್ತಕ ತೋರ್ಸಿ ಒಳಗಿರೋ ನಂಬರ್ ಓದೋಕೆ ಹೇಳ್ತಾರೆ, ಐದು ನಿಮಿಷದ ಕೆಲ್ಸ. ಬಣ್ಣ ಗುರುತಿಸೋ ತೊಂದ್ರೆ ಹುಟ್ಟಿನಿಂದ ಬರೋದು, ಗಂಡು ಮಕ್ಕಳಲ್ಲಿ ಜಾಸ್ತಿ, ಔಷಧಿಯಿಂದ ಸರಿ ಹೋಗಲ್ಲ. ನಮ್ಮ ಪರಿಚಯದ ಒಬ್ಬ ಹುಡುಗ ಕಾಫಿ ಹಣ್ಣು ಕುಯ್ಯುವಾಗ ಹಸಿರು ಕಾಯಿ ಕೆಂಪು ಹಣ್ಣು ಎಲ್ಲ ಸೇರ್ಸಿ ಕುಯ್ತಿದ್ದ, ಸೋಮಾರಿ ಅಂತ ಬೈತಿದ್ರು ಪಾಪ, ಆಮೇಲೆ ಮೆಡಿಕಲಲ್ಲಿ ಗೊತ್ತಾಯ್ತು. ಚಪ್ಪಟೆ ಪಾದ, ನಿಂತಾಗ ಮೊಣಕಾಲು ಒಂದಕ್ಕೊಂದು ತಾಗೋದು, ಮೆಳ್ಳೆಗಣ್ಣು, ಕಿವಿ ಸೋರೋದು ಇವೆಲ್ಲ ಮೊದ್ಲೇ ನೋಡ್ಸಿ. ಕೆಲವು ಸರಿ ಮಾಡ್ಬಹುದು, ಅದಕ್ಕೆ ಟೈಮ್ ಬೇಕು.

ಮೂರನೇದು: ಮನೇಲಿ ಕೂತೇ ಎಷ್ಟು ನೋಡ್ಬಹುದೋ ಅಷ್ಟು ನೋಡಿ

ಎಲ್ಲಾ ಕಡೆ ಹೋಗೋಕಾಗಲ್ಲ. ಡೆಹ್ರಾಡೂನ್‌ಗೆ ಒಂದು ಕುಟುಂಬ ಹೋಗಿ ಬರೋ ಖರ್ಚಲ್ಲಿ ಎರಡು ತಿಂಗಳು ಆಳುಗಳ ಸಂಬಳ ಆಗುತ್ತೆ. ಅದಕ್ಕೆ ಮೊದ್ಲು ಫೋನು, ಕಂಪ್ಯೂಟರ್.

ಸಿಬಿಎಸ್‌ಇ ಸ್ಕೂಲ್‌ಗಳು ತಮ್ಮ ವೆಬ್‌ಸೈಟಲ್ಲಿ ಮ್ಯಾಂಡೇಟರಿ ಪಬ್ಲಿಕ್ ಡಿಸ್‌ಕ್ಲೋಷರ್ ಅಂತ ಒಂದು ಪುಟ ಹಾಕ್ಲೇಬೇಕು. ಯಾರೂ ತೆಗೆದು ನೋಡಲ್ಲ. ಅದರಲ್ಲಿ ಎಷ್ಟು ಟೀಚರ್ಸ್ ಇದ್ದಾರೆ, ಹತ್ತನೇ ಹನ್ನೆರಡನೇ ಕ್ಲಾಸ್ ರಿಸಲ್ಟ್ ಏನು, ಫೀಸ್ ಎಷ್ಟು, ಕಟ್ಟಡದ ಸೇಫ್ಟಿ ಸರ್ಟಿಫಿಕೇಟ್ ಇದ್ಯಾ ಎಲ್ಲ ಇರುತ್ತೆ. ನಾನು ಮಾವನ ಕಥೆಗಿಂತ ಈ ಒಂದು ಪುಟದಿಂದ ಜಾಸ್ತಿ ಕಲಿತೆ. ಒಂದು ಕಡೆ ಮ್ಯಾಥ್ಸ್ ಟೀಚರ್ ಹುದ್ದೆಗೆ ಮೂರು ತಿಂಗಳಲ್ಲಿ ಎರಡು ಸಲ ಜಾಹೀರಾತು ಹಾಕಿದ್ರು, ಅದೂ ಅದೇ ವೆಬ್‌ಸೈಟಲ್ಲೇ ನೋಟಿಸ್ ಸೆಕ್ಷನ್‌ನಲ್ಲಿ ಸಿಕ್ತು, ಆ ಸ್ಕೂಲನ್ನ ಪಟ್ಟಿಯಿಂದ ತೆಗೆದ್ವಿ.

ಪಾಸಿಂಗ್ ಔಟ್ ಪರೇಡ್ ಯೂಟ್ಯೂಬಲ್ಲಿ ಬರುತ್ತೆ, ಎನ್‌ಡಿಎದು ಮೇ ಕೊನೆ ಮತ್ತು ನವೆಂಬರ್ ಕೊನೆಗೆ, ಐಎಂಎದು ಜೂನ್ ಮತ್ತು ಡಿಸೆಂಬರ್. ಮಗು ಜೊತೆ ಕೂತು ಪೂರ್ತಿ ನೋಡಿ. 2025 ಮೇ 30ರಂದು ಎನ್‌ಡಿಎಯಿಂದ ಮೊದಲ ಸಲ 17 ಹುಡುಗೀರು ಪಾಸ್ ಔಟ್ ಆದ್ರು, ಅದನ್ನ ನಮ್ಮಕ್ಕನ ಮನೇಲಿ ಕರೆಂಟ್ ಇಲ್ದೆ ಫೋನ್ ಹಾಟ್‌ಸ್ಪಾಟಲ್ಲಿ ನೋಡಿದ್ದು. ಅಕ್ಕನ ಮಗಳು ಅವತ್ತು ಊಟ ಬಿಟ್ಟು ಕೂತಿದ್ಲು. ಆದ್ರೆ ಪರೇಡ್ ನೋಡಿ ತೀರ್ಮಾನ ಮಾಡ್ಬೇಡಿ, ಅದು ಮೂರು ವರ್ಷದಲ್ಲಿ ಒಂದು ಬೆಳಿಗ್ಗೆ.

ಊರಲ್ಲೇ ಇರೋ ಸೋರ್ಸ್ ಮರೀಬೇಡಿ. ಮಿಲಿಟರಿಯವ್ರ ಸಿಎಸ್‌ಡಿ ಕ್ಯಾಂಟೀನ್ ಕ್ಯೂ ಇದ್ಯಲ್ಲ, ಅಲ್ಲಿ ಅರ್ಧ ಗಂಟೆ ನಿಂತ್ರೆ ಈಗ ಓದ್ತಿರೋ ಮಕ್ಕಳ ಅಪ್ಪಂದ್ರು ಒಬ್ರಾದ್ರೂ ಸಿಗ್ತಾರೆ. ಕೇಳುವಾಗ "ಸ್ಕೂಲ್ ಹೇಗಿದೆ" ಅಂತ ಕೇಳ್ಬೇಡಿ, ಎಲ್ಲರೂ ಚೆನ್ನಾಗಿದೆ ಅಂತಾರೆ. "ಕಳೆದ ಸಲ ನಿಮ್ಮ ಮಗನಿಗೆ ಹುಷಾರಿಲ್ದಾಗ ನಿಮಗೆ ಯಾರು ಫೋನ್ ಮಾಡಿದ್ರು, ಎಷ್ಟೊತ್ತಿಗೆ" ಅಂತ ಕೇಳಿ. ಉತ್ತರದಲ್ಲೇ ಎಲ್ಲ ಬರುತ್ತೆ.

ಇನ್ನೊಂದು ಎಚ್ಚರ. ಡಿಫೆನ್ಸ್ ಅಕಾಡೆಮಿ, ಮಿಲಿಟರಿ ಅಕಾಡೆಮಿ ಅಂತ ಬೋರ್ಡ್ ಹಾಕ್ಕೊಂಡಿರೋ ಎಷ್ಟೋ ಜಾಗಗಳು ಬರೀ ಕೋಚಿಂಗ್ ಸೆಂಟರ್. ತಪ್ಪೇನಿಲ್ಲ, ಆದ್ರೆ ಅದು ಸ್ಕೂಲಲ್ಲ. ನಮಗೆ ಒಬ್ರು "ಮ್ಯಾನೇಜ್‌ಮೆಂಟ್ ಸೀಟು ಮಾಡ್ಸಿ ಕೊಡ್ತೀವಿ" ಅಂತ ಫೋನ್ ಮೇಲೆ ಫೋನ್ ಮಾಡಿದ್ರು. ಹಳೆ 33 ಸೈನಿಕ್ ಸ್ಕೂಲ್‌ಗಳಲ್ಲಿ ಅಂಥ ಸೀಟೇ ಇಲ್ಲ, ಫೋನ್ ಇಟ್ಟುಬಿಡಿ. ಈಗ ಟ್ರಸ್ಟು, ಖಾಸಗಿ ಶಾಲೆಗಳ ಜೊತೆ ಸೇರ್ಕೊಂಡು ಹೊಸ ಸೈನಿಕ್ ಸ್ಕೂಲ್‌ಗಳೂ ಬಂದಿವೆ, ಅವು ನಿಜವಾದವೇ, ಸೈನಿಕ್ ಸ್ಕೂಲ್ಸ್ ಸೊಸೈಟಿ ಮಾನ್ಯತೆ ಇದೆ, ಆದ್ರೆ ಫೀಸ್ ಮತ್ತು ವ್ಯವಸ್ಥೆ ಹಳೇದಕ್ಕಿಂತ ಬೇರೆ ಇರುತ್ತೆ, ಪ್ರತಿಯೊಂದನ್ನೂ ಹೊಸದಾಗಿ ವಿಚಾರಿಸ್ಬೇಕು.

ನಾಲ್ಕು: ಕಾಗದ ಪತ್ರ, ಇದು ಮಳೆಗಾಲದ ಕೆಲ್ಸ

ಎಐಎಸ್‌ಎಸ್‌ಇಇ ಅರ್ಜಿ ಬಿಡೋದು ಸಾಮಾನ್ಯವಾಗಿ ವರ್ಷದ ಕೊನೇಲಿ, ಪುತ್ತರಿ ಹಬ್ಬದ ಗಡಿಬಿಡಿ, ಆಮೇಲೆ ಕಾಫಿ ಕುಯ್ಲು. ಕಣದಲ್ಲಿ ಕಾಫಿ ಹರಡಿರುವಾಗ ನಾಡಕಚೇರಿಗೆ ಓಡಾಡೋಕೆ ಯಾರಿಗೆ ಪುರುಸೊತ್ತಿದೆ. ಅದಕ್ಕೆ ಕಕ್ಕಡದಲ್ಲೇ (ಆಟಿ ತಿಂಗಳಲ್ಲೇ), ಹೇಗಿದ್ರೂ ಮಳೇಲಿ ತೋಟದ ಕೆಲ್ಸ ಕಮ್ಮಿ, ಜನನ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಜಾತಿ ಆದಾಯ ಎಲ್ಲ ಮಾಡಿಟ್ಕೊಳ್ಳಿ. ಆಧಾರಲ್ಲಿ ಇರೋ ಹೆಸರು, ಜನನ ಪತ್ರದ ಹೆಸರು, ಸ್ಕೂಲ್ ಟಿಸಿ ಹೆಸರು ಮೂರೂ ಅಕ್ಷರ ಅಕ್ಷರ ಒಂದೇ ಇರ್ಬೇಕು. ನಮ್ಮಲ್ಲಿ ಮನೆ ಹೆಸರು ಒಂದು ಕಡೆ ಮುಂದೆ, ಒಂದು ಕಡೆ ಇನಿಶಿಯಲ್, ಒಂದು ಕಡೆ ಇಲ್ವೇ ಇಲ್ಲ. ಇದೊಂದು ಸರಿ ಮಾಡೋಕೆ ನನಗೆ ಎರಡು ತಿಂಗಳು ಹಿಡೀತು.

ಸೀಟಲ್ಲಿ 67 ಪರ್ಸೆಂಟ್ ಆ ರಾಜ್ಯದ ಮಕ್ಕಳಿಗೆ, 33 ಹೊರಗಿನೋರಿಗೆ. ಕರ್ನಾಟಕದ ವಾಸಸ್ಥಳ ಪತ್ರ ಇದ್ರೆ ಕೂಡಿಗೆ, ವಿಜಯಪುರ ಎರಡರಲ್ಲೂ ನಿಮ್ಮದು ಆ 67ರ ಲೆಕ್ಕ. ಒಬಿಸಿ ವಿಷಯದಲ್ಲಿ ಹುಷಾರು: ನಮ್ಮ ರಾಜ್ಯದ 3ಎ, 2ಎ ಪಟ್ಟಿ ಬೇರೆ, ಸೆಂಟ್ರಲ್ ಒಬಿಸಿ ಪಟ್ಟಿ ಬೇರೆ. ಅಲ್ಲಿ ಕೇಳೋದು ಸೆಂಟ್ರಲ್ ಫಾರ್ಮ್ಯಾಟಲ್ಲಿ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್. ನಿಮ್ಮ ಜಾತಿ ಸೆಂಟ್ರಲ್ ಪಟ್ಟೀಲಿ ಇದ್ಯಾ ಅಂತ ಮೊದ್ಲು ನೋಡಿ ಆಮೇಲೆ ಆ ಕಾಲಂ ತುಂಬಿ, ಇಲ್ಲಾಂದ್ರೆ ಸೀಟ್ ಬಂದ್ಮೇಲೆ ಕಿತ್ಕೋತಾರೆ.

ಕನ್ನಡ ಮೀಡಿಯಂ ಮಕ್ಕಳ ಅಪ್ಪ ಅಮ್ಮ ಗಮನಿಸಿ, ಆರನೇ ಕ್ಲಾಸ್ ಎಂಟ್ರೆನ್ಸ್ ಕನ್ನಡದಲ್ಲೇ ಬರೀಬಹುದು. ಒಟ್ಟು 300 ಮಾರ್ಕು, ಅದರಲ್ಲಿ ಗಣಿತವೇ 150. ಅರ್ಧ! ಹಾಗಾಗಿ ಇಂಗ್ಲಿಷ್ ಬರಲ್ಲ ಅಂತ ಹೆದ್ರಿ ಬಿಡ್ಬೇಡಿ, ಲೆಕ್ಕ ಗಟ್ಟಿ ಮಾಡ್ಸಿ. ಒಂಬತ್ತನೇದು ಮಾತ್ರ ಇಂಗ್ಲಿಷಲ್ಲೇ. ಆದ್ರೆ ಒಳಗೆ ಸೇರಿದ್ಮೇಲೆ ಪಾಠ ಇಂಗ್ಲಿಷು, ಮೈದಾನದಲ್ಲಿ ಹಿಂದಿ. ನನ್ನ ಮಗನಿಗೆ ಮೊದಲ ತಿಂಗಳು ಡ್ರಿಲ್ ಉಸ್ತಾದ್ ಬೈದಿದ್ದು ಹೊಗಳಿದ್ದು ಎರಡೂ ಒಂದೇ ಥರ ಕೇಳಿಸ್ತಿತ್ತಂತೆ.

ಆರ್‌ಐಎಂಸಿ ಬೇಕಂದ್ರೆ ಪ್ರಾಸ್ಪೆಕ್ಟಸ್ಸು, ಫಾರಂ, ಹಳೆ ಪ್ರಶ್ನೆಪತ್ರಿಕೆ ಎಲ್ಲ ಡೆಹ್ರಾಡೂನ್‌ನಿಂದಲೇ ದುಡ್ಡು ಕಟ್ಟಿ ಪೋಸ್ಟಲ್ಲಿ ತರಿಸ್ಕೋಬೇಕು. ಎಸ್ಟೇಟ್ ಒಳಗಿನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಬರೋದು ಯಾವಾಗ ಅಂತ ನಿಮಗೇ ಗೊತ್ತು, ಪೇಟೇಲಿರೋ ನೆಂಟರ ವಿಳಾಸ ಕೊಡಿ.

ಐದು: ಈಗ ಹೊರಡಿ

ಕೂಡಿಗೆಗೆ ಹೋಗೋದು ಅರ್ಧ ದಿನದ ಕೆಲ್ಸ, ಅದನ್ನ ಮೊದ್ಲು ಮಾಡಿ, ಬೇರೆ ಕಡೆ ಸೇರ್ಸೋ ಯೋಚನೆ ಇದ್ರೂ. ಒಂದು ಸೈನಿಕ್ ಸ್ಕೂಲ್ ಕಣ್ಣಾರೆ ನೋಡಿದ್ರೆ ಉಳಿದಿದ್ದನ್ನ ಅಳೆಯೋಕೆ ಒಂದು ಕೋಲು ಸಿಗುತ್ತೆ. ಎಲ್ಲಿಗೇ ಹೋದ್ರೂ ಮೊದ್ಲು ಆಫೀಸಿಗೆ ಫೋನ್ ಮಾಡಿ, ಮೇಲ್ ಹಾಕಿ, ಯಾವ ದಿನ ಒಳಗೆ ಬಿಡ್ತಾರೆ ಕೇಳಿ. ಮಿಲಿಟರಿ ಜಾಗ, ನೆಂಟರ ಮನೆ ಅಲ್ಲ, ಸುಮ್ನೆ ಹೋಗಿ ಗೇಟಲ್ಲಿ ನಿಂತ್ರೆ ಬಿಡಲ್ಲ, ಅಕಾಡೆಮಿಗಳಲ್ಲಂತೂ ಪರ್ಮಿಶನ್ ಇಲ್ದೆ ಒಳಗೆ ಕಾಲಿಡೋಕಾಗಲ್ಲ. ಆಧಾರ್ ಒರಿಜಿನಲ್ ಇಟ್ಕೊಳ್ಳಿ. ಗಾಡೀಲಿ ಕೋವಿ, ತೋಟಾ, ಕತ್ತಿ ಏನೂ ಇಲ್ದಿರೋ ಹಾಗೆ ನೋಡ್ಕೊಳ್ಳಿ, ನಗ್ಬೇಡಿ, ತೋಟದ ಜೀಪಲ್ಲಿ ಕತ್ತಿ ಮರೆತು ಗೇಟಲ್ಲಿ ಒಂದು ಗಂಟೆ ಉತ್ತರ ಕೊಟ್ಟ ಮಹಾನುಭಾವ್ರು ನಮ್ಮನೇಲೇ ಇದ್ದಾರೆ.

ದಾರಿ ವಿಷಯ. ಕೊಡಗಿಗೆ ರೈಲಿಲ್ಲ, ಎಲ್ಲದಕ್ಕೂ ಮೈಸೂರಿಗೋ, ಹಾಸನಕ್ಕೋ, ಇಲ್ಲಾಂದ್ರೆ ಘಾಟಿ ಇಳಿದು ಕಣ್ಣೂರಿಗೋ ಮಂಗಳೂರಿಗೋ ಹೋಗ್ಬೇಕು. ವಿಜಯಪುರಕ್ಕೆ ಮೈಸೂರಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ರಾತ್ರಿಯೆಲ್ಲ ಪ್ರಯಾಣ, ಹುಬ್ಬಳ್ಳಿ ಗದಗ ಬಾಗಲಕೋಟೆ ಮೇಲೆ. ಪುಣೆಗೆ ಬೆಂಗಳೂರಿಂದ ಉದ್ಯಾನ್ ಎಕ್ಸ್‌ಪ್ರೆಸ್, ಪುಣೆ ಊರಿಂದ ಖಡಕ್‌ವಾಸ್ಲಾ ಹದಿನೈದಿಪ್ಪತ್ತು ಕಿಲೋಮೀಟರ್. ಡೆಹ್ರಾಡೂನ್‌ಗೆ ದೆಹಲಿ ತನಕ ರೈಲು ಮತ್ತೆ ಅಲ್ಲಿಂದ ಇನ್ನೊಂದು, ಇಲ್ಲಾಂದ್ರೆ ಬೆಂಗಳೂರಿಂದ ವಿಮಾನ.

ನಾನು ಹೇಳೋದು ಇಷ್ಟೇ, ಮೊದಲ ಸಲ ಹೋಗುವಾಗ ಸ್ವಂತ ಕಾರಲ್ಲಿ ಹೋಗ್ಬೇಡಿ. ಮಗು ಮುಂದೆ ಹೇಗೆ ಓಡಾಡುತ್ತೋ ಹಾಗೇ ಹೋಗಿ, ಸ್ಲೀಪರಲ್ಲಿ, ಟ್ರಂಕ್ ಇಟ್ಕೊಂಡು, ಆಗುತ್ತೆ ಅಂದ್ರೆ ಜುಲೈಯಲ್ಲಿ. ನಾವು ವಿಜಯಪುರಕ್ಕೆ ಹೊರಟ ದಿನ ಇಲ್ಲಿ ಮರ ಬಿದ್ದು ರೋಡ್ ಬಂದ್, ಬಸ್ ಸುತ್ತಿ ಬಳಸಿ ಹೋಗಿ ಮೈಸೂರು ಮುಟ್ಟೋಷ್ಟರಲ್ಲಿ ರೈಲು ಹೋಗಿತ್ತು, ರಾತ್ರಿ ಬಸ್ ಸ್ಟ್ಯಾಂಡಲ್ಲಿ ಕೂತ್ವಿ. ಅವತ್ತು ಬೈಕೊಂಡ್ವಿ ಆದ್ರೆ ಅದೇ ದೊಡ್ಡ ಪಾಠ, ಈಗ ಮಳೆಗಾಲದ ರಜೆ ಮುಗಿದು ವಾಪಸ್ ಕಳ್ಸುವಾಗ ಒಂದು ದಿನ ಮುಂಚೇನೇ ಮೈಸೂರಲ್ಲಿ ನಾದಿನಿ ಮನೇಲಿ ಇರ್ತೀವಿ. ಮಾಕುಟ್ಟ ರೋಡೂ ಅಷ್ಟೇ, ಜೋರು ಮಳೇಲಿ ಗುಡ್ಡ ಕುಸಿದ್ರೆ ಬಂದ್, ಎಝಿಮಲ ಹತ್ರ ಅನ್ನೋದು ಬೇಸಿಗೆ ಮಾತು.

ಒಳಗೆ ಬಿಟ್ಮೇಲೆ ಏನು ನೋಡ್ಬೇಕು. ಆಡಿಟೋರಿಯಂ, ಸ್ವಿಮ್ಮಿಂಗ್ ಪೂಲ್, ಕುದುರೆ ಎಲ್ಲ ಅವ್ರೇ ತೋರಿಸ್ತಾರೆ, ನೋಡಿ ಖುಷಿ ಪಡಿ. ನೀವು ಕೇಳಿ ನೋಡ್ಬೇಕಾಗಿದ್ದು ಬೇರೆ. ಹಾಸ್ಟೆಲ್ ಬಾತ್‌ರೂಮು, ಸಾಯಂಕಾಲದ ಹೊತ್ತಿಗೆ ನೀರು ಬರುತ್ತಾ. ಒದ್ದೆ ಬಟ್ಟೆ ಎಲ್ಲಿ ಒಣಗಿಸ್ತಾರೆ, ಕೊಡಗಿನ ಅಮ್ಮಂದ್ರಿಗೆ ಇದು ವಿವರಿಸ್ಬೇಕಾಗಿಲ್ಲ. ಎಂಐ ರೂಮಲ್ಲಿ (ಸ್ಕೂಲಿನ ಚಿಕಿತ್ಸಾ ಕೊಠಡೀಲಿ) ರಾತ್ರಿ ನರ್ಸ್ ಇರ್ತಾರಾ, ದೊಡ್ಡ ಆಸ್ಪತ್ರೆ ಎಷ್ಟು ದೂರ. ಮೆಸ್ಸಲ್ಲಿ ಆದ್ರೆ ಮಕ್ಕಳ ಜೊತೆ ಕೂತು ಒಂದು ಊಟ ಮಾಡಿ, ಅನ್ನ ಸಾರು ರುಚಿ ಹೇಗಿದೆ ಅನ್ನೋದಕ್ಕಿಂತ ಚಿಕ್ಕ ಮಕ್ಕಳಿಗೆ ಎರಡನೇ ಸಲ ಬಡಿಸ್ತಾರಾ ನೋಡಿ. ಫೋನ್ ಯಾವ ದಿನ, ಎಷ್ಟು ನಿಮಿಷ. ಅಪ್ಪ ಅಮ್ಮ ಬಂದು ನೋಡೋ ದಿನ ಯಾವುದು, ದೂರದೋರಿಗೆ ಅವತ್ತು ಬರೋಕಾಗದಿದ್ರೆ ಏನು.

ಆಮೇಲೆ ಮೂರು ಪ್ರಶ್ನೆ, ಮುಖ ನೋಡ್ಕೊಂಡೇ ಕೇಳಿ. ಒಂದು, ಹೋದ ಮೂರು ವರ್ಷದಲ್ಲಿ ಎಷ್ಟು ಮಕ್ಕಳು ಎನ್‌ಡಿಎ ಸೇರಿದ್ರು, ಪಾಸಾದ ಲೆಕ್ಕ ಅಲ್ಲ, ಸೇರಿದ ಲೆಕ್ಕ, ಯಾಕಂದ್ರೆ ರಿಟನ್ ಪಾಸಾದೋರನ್ನೆಲ್ಲ ಬೋರ್ಡಲ್ಲಿ ಬರೆಯೋರಿದ್ದಾರೆ. ಎರಡು, ಮೊದಲ ವರ್ಷದಲ್ಲೇ ಎಷ್ಟು ಮಕ್ಕಳು ಟಿಸಿ ತಗೊಂಡು ಹೋದ್ರು. ಮೂರು, ಸೀನಿಯರ್ಸ್ ಕಾಟ ಆದ್ರೆ ಮಗು ಯಾರಿಗೆ ಹೇಳ್ಬೇಕು, ಹೇಳಿದ್ದು ಸೀನಿಯರಿಗೆ ಗೊತ್ತಾಗಲ್ವಾ. ಮೂರನೇದಕ್ಕೆ "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಅಂದ್ರೆ ನನಗೆ ಅನುಮಾನ ಬರುತ್ತೆ. "ಆಗುತ್ತೆ, ಆದಾಗ ಹೀಗೆ ಮಾಡ್ತೀವಿ" ಅಂದ್ರೆ ಸಮಾಧಾನ. ಇನ್ನೊಂದು ವಿಷಯ ನೆನಪಿರ್ಲಿ, ಸೈನಿಕ್ ಸ್ಕೂಲಲ್ಲಿ ಪ್ರಿನ್ಸಿಪಾಲ್, ವೈಸ್ ಪ್ರಿನ್ಸಿಪಾಲ್ ಸೇನೆಯಿಂದ ಪೋಸ್ಟಿಂಗ್ ಮೇಲೆ ಬರೋರು, ಕೆಲವು ವರ್ಷಕ್ಕೆ ಬದಲಾಗ್ತಾರೆ. ನೀವು ಮೆಚ್ಚಿದ ಸಾಹೇಬ್ರು ಮುಂದಿನ ವರ್ಷ ಇರಲ್ಲ. ಹೌಸ್ ಮಾಸ್ಟರ್, ಮೇಟ್ರನ್, ಮೆಸ್ಸಿನೋರು ಉಳೀತಾರೆ, ಅವ್ರನ್ನ ಮಾತಾಡ್ಸಿ.

ಹೊರಗೆ ಬಂದ್ಮೇಲೆ ಗೇಟ್ ಎದುರಿನ ಟೀ ಅಂಗಡೀಲಿ ಕೂತ್ಕೊಳ್ಳಿ, ಅಲ್ಲಿ ಸಿಗೋ ಮಾಹಿತಿ ಯಾವ ಪ್ರಾಸ್ಪೆಕ್ಟಸ್ಸಲ್ಲೂ ಇಲ್ಲ.

ಆರು: ಹೋಗೋಕಾಗಲ್ಲ ಅನ್ನೋರು

ದುಬೈಯಲ್ಲೋ ಪೋಸ್ಟಿಂಗಲ್ಲೋ ಇರೋ ಅಪ್ಪಂದ್ರು, ಒಬ್ರೇ ಮನೆ ತೋಟ ನೋಡ್ಕೋತಿರೋ ಅಮ್ಮಂದ್ರು ಇದ್ದೀರಿ, ಗೊತ್ತು. ಆ ಊರಲ್ಲಿರೋ ಕೊಡಗಿನೋರನ್ನ ಹುಡುಕಿ, ಪುಣೇಲೂ ಇದ್ದಾರೆ ಡೆಹ್ರಾಡೂನಲ್ಲೂ ಇದ್ದಾರೆ, ಮೇಲೆ ಬರೆದ ಪ್ರಶ್ನೆ ಅವ್ರಿಗೆ ಕಳ್ಸಿ. ಆಫೀಸಿಗೆ ಬೆಳಿಗ್ಗೆ ಹತ್ತಕ್ಕೆ ಒಂದು ಸಲ, ರಾತ್ರಿ ಎಂಟಕ್ಕೆ ಒಂದು ಸಲ ಫೋನ್ ಮಾಡಿ ನೋಡಿ, ರಾತ್ರಿ ಯಾರು ಎತ್ತುತ್ತಾರೆ, ಹೇಗೆ ಮಾತಾಡ್ತಾರೆ. ಮ್ಯಾಪಲ್ಲಿ ಸ್ಯಾಟಲೈಟ್ ವ್ಯೂ ಹಾಕಿ ಆಸ್ಪತ್ರೆ, ರೈಲ್ವೆ ಸ್ಟೇಷನ್ ದೂರ ಅಳೀರಿ.

ಏಳು: ಮಗು ರೆಡಿ ಇದ್ಯಾ, ನೀವಲ್ಲ

ರಜೇಲಿ ಹದಿನೈದು ದಿನ ಪ್ರಯೋಗ ಮಾಡಿ. ಬೆಳಿಗ್ಗೆ ಐದೂವರೆಗೆ ಏಳೋದು, ಶೂ ಪಾಲಿಶ್, ಚಡ್ಡಿ ಬನೀನು ತಾನೇ ಒಗೆಯೋದು, ಫೋನ್ ಇಲ್ಲ, ಯಾವ್ದಾದ್ರೂ ನೆಂಟರ ಮನೇಲಿ ಒಂದು ವಾರ. ಮೂರನೇ ದಿನ ರಾತ್ರಿ ಅತ್ರೆ ಅದು ಸಹಜ, ಹತ್ತನೇ ದಿನವೂ ಅಳ್ತಿದ್ರೆ ಇನ್ನೊಂದು ವರ್ಷ ಕಾಯಿರಿ, ಒಂಬತ್ತನೇ ಕ್ಲಾಸಲ್ಲಿ ಇನ್ನೊಂದು ಬಾಗಿಲು ಇದೆ. ಕಾರ್ಯಪ್ಪನವರ ನಾಡು, ತಿಮ್ಮಯ್ಯನವರ ನಾಡು ಅಂತ ಮಗು ತಲೆ ಮೇಲೆ ಭಾರ ಹೊರ್ಸೋರು ನೆಂಟರಲ್ಲಿ ಇರ್ತಾರೆ, ಅವ್ರ ಬಾಯಿ ಮುಚ್ಸೋದು ನಿಮ್ಮ ಕೆಲ್ಸ. ಬೇಕಿದ್ರೆ ಮಡಿಕೇರೀಲಿ ಸನ್ನಿಸೈಡ್ ಇದೆ, ತಿಮ್ಮಯ್ಯನವರ ಮನೆ ಈಗ ಮ್ಯೂಸಿಯಂ, ಸುಮ್ನೆ ಕರ್ಕೊಂಡು ಹೋಗಿ ಬಿಡಿ, ಭಾಷಣ ಮಾಡ್ಬೇಡಿ, ಮಗು ಏನು ಪ್ರಶ್ನೆ ಕೇಳುತ್ತೆ ನೋಡಿ.

ಎನ್‌ಡಿಎ ಬರೆಯೋ ದೊಡ್ಡ ಮಕ್ಕಳಿಗೆ ಎಸ್‌ಎಸ್‌ಬಿ ಬಗ್ಗೆ ಒಂದು ಮಾತು. ರಿಟನ್ 900, ಎಸ್‌ಎಸ್‌ಬಿ 900, ಸಮ ಸಮ. ಐದು ದಿನ ಅಲ್ಲೇ ಇರ್ಬೇಕು, ನಮಗೆ ಹತ್ರದ್ದು ಬೆಂಗಳೂರು, ಏರ್‌ಫೋರ್ಸಿಗೆ ಮೈಸೂರು. ಮೊದಲ ದಿನವೇ ಸ್ಕ್ರೀನಿಂಗ್, ಅದ್ರಲ್ಲಿ ಹೋದೋರು ಅವತ್ತೇ ಮನೆಗೆ. ಅಕ್ಕನ ಮಗಳು ಮೊದಲ ಸಲ ಸ್ಕ್ರೀನ್ ಔಟ್ ಆಗಿ ಮಧ್ಯಾಹ್ನದ ಬಸ್ ಹತ್ತಿ ಬಂದ್ಲು, ಚಿತ್ರ ನೋಡಿ ಕಥೆ ಬರೆದು ಗುಂಪಲ್ಲಿ ಹೇಳೋದಿರುತ್ತೆ, ಇವ್ಳು ಬಾಯೇ ಬಿಡ್ಲಿಲ್ಲವಂತೆ. ನಮ್ಮ ಮಕ್ಕಳಿಗೆ ಓಟ, ಹಾಕಿ, ಗುಡ್ಡ ಹತ್ತೋದು ಎಲ್ಲ ಬರುತ್ತೆ, ಕೈಲ್‌ಪೋದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುರಿ ಇಟ್ಟು ಹೊಡೆಯೋಕೂ ಬರುತ್ತೆ, ಅಲ್ಲಿ ಅದಕ್ಕೆ ಮಾರ್ಕಿಲ್ಲ. ಹತ್ತು ಜನ ಅಪರಿಚಿತರ ಮಧ್ಯೆ ಮಾತಾಡೋಕೆ ಬರ್ಬೇಕು. ಅದಕ್ಕೆ ಈಗ ಅವ್ಳನ್ನ ಮನೆಗೆ ಬಂದ ಪ್ರತಿ ಗಿರಾಕಿ ಹತ್ರಾನೂ ಮೆಣಸಿನ ರೇಟ್ ಮಾತಾಡೋಕೆ ಬಿಟ್ಟಿದ್ದಾರೆ, ಭಾವನಿಗಿಂತ ಚೆನ್ನಾಗಿ ಚೌಕಾಸಿ ಮಾಡ್ತಾಳೆ.

ಎಂಟು: ಪಟ್ಟಿ ಹಾಕೋದು

ಸೈನಿಕ್ ಸ್ಕೂಲ್ ರಿಸಲ್ಟ್ ಬಂದ್ಮೇಲೆ ಇ-ಕೌನ್ಸೆಲಿಂಗ್‌ನಲ್ಲಿ ನಿಮಗೆ ಬೇಕಾದ ಸ್ಕೂಲ್‌ಗಳನ್ನ ಒಂದರ ಕೆಳಗೊಂದು ಹಾಕ್ಬೇಕು. ಎಲ್ಲರೂ ಹೆಸರು ನೋಡಿ ಹಾಕ್ತಾರೆ. ನಾನು ಒಂದು ಹಾಳೇಲಿ ಬರೆದಿದ್ದು ಇಷ್ಟೇ: ಮನೆಯಿಂದ ಎಷ್ಟು ಗಂಟೆ, ಎಷ್ಟು ಗಾಡಿ ಬದಲಿಸ್ಬೇಕು, ವರ್ಷಕ್ಕೆ ಫೀಸ್ ಪ್ಲಸ್ ಓಡಾಟ ಎಷ್ಟು, ಗಣಿತ ಟೀಚರ್ ಪರ್ಮನೆಂಟಾ, ಮಗನಿಗೆ ಇಷ್ಟಾನಾ. ಫೀಸ್ ವರ್ಷಕ್ಕೆ ಲಕ್ಷದ ಮೇಲೇ ಹೋಗುತ್ತೆ, ಆದಾಯ ಕಮ್ಮಿ ಇದ್ರೆ ಸ್ಕಾಲರ್‌ಶಿಪ್ ಇದೆ, ನಾಚ್ಕೊಳ್ದೆ ಮೊದ್ಲೇ ಕೇಳಿ. ಎನ್‌ಡಿಎಗೆ ಮಾತ್ರ ಟ್ರೈನಿಂಗ್ ಖರ್ಚೆಲ್ಲ ಸರ್ಕಾರದ್ದು, ಪಾಕೆಟ್ ಅಲೋವೆನ್ಸು, ಶುರುವಿನ ಡೆಪಾಸಿಟ್ಟು ನಿಮ್ಮದು. ನಮಗೆ ಮೊದಲ ಆಯ್ಕೆ ಕೂಡಿಗೆ ಸಿಗ್ಲಿಲ್ಲ, ಎರಡನೇದು ವಿಜಯಪುರ ಬಂತು. ಆ ದಾರಿ ಮೊದ್ಲೇ ಒಂದ್ಸಲ ಹೋಗಿ ಬಂದಿದ್ದಕ್ಕೆ ಮನೇಲಿ ಯಾರೂ ಗಾಬರಿ ಆಗ್ಲಿಲ್ಲ, ಮಾವ ಒಬ್ರು ಬಿಟ್ಟು.

ಕೊನೇದು, ಬಿಟ್ಟು ಬರೋ ದಿನ

ಟ್ರಂಕ್ ಮೇಲೆ ಹೆಸರು ಪೇಂಟಲ್ಲಿ ಬರ್ಸಿ, ಸ್ಟಿಕ್ಕರ್ ಉಳಿಯಲ್ಲ. ಎರಡು ಬೀಗದ ಕೈ, ಒಂದು ನಿಮ್ಮ ಹತ್ರ. ಬಟ್ಟೆ ಪಟ್ಟಿ ಅವ್ರು ಕೊಟ್ಟಿದ್ದಷ್ಟೇ, ಅಜ್ಜಿ ಕಟ್ಟಿಕೊಟ್ಟ ಉಪ್ಪಿನಕಾಯಿ ಬಾಟ್ಲಿ ಗೇಟಲ್ಲೇ ವಾಪಸ್ ಬರುತ್ತೆ, ಬಾಳೆಕಾಯಿ ಚಿಪ್ಸ್ ಮೊದಲ ರಾತ್ರೀನೇ ಡಾರ್ಮಿಟರಿ ಪೂರ್ತಿ ಖಾಲಿ ಮಾಡುತ್ತೆ, ಅದು ಒಳ್ಳೇದೇ, ಅದರಿಂದಲೇ ಮೊದಲ ಫ್ರೆಂಡ್ಸ್ ಆಗೋದು. ವಾಪಸ್ ಟಿಕೆಟ್ ಅದೇ ಸಾಯಂಕಾಲದ್ದು ಮಾಡಿ. ಲಾಡ್ಜಲ್ಲಿ ಉಳಿದು ಮಾರನೇ ದಿನ ಬೆಳಿಗ್ಗೆ ಇನ್ನೊಂದ್ಸಲ ನೋಡೋಣ ಅಂತ ಗೇಟ್ ಹತ್ರ ಹೋಗ್ಬೇಡಿ. ನಾನು ಹೋಗಿದ್ದೆ. ಗಾರ್ಡ್ ಏನೂ ಹೇಳ್ಲಿಲ್ಲ, ಕೂತ್ಕೊಳ್ಳಿ ಅಮ್ಮ ಅಂತ ಕುರ್ಚಿ ಕೊಟ್ರು, ಒಳಗೆ ಪಿಟಿ ವಿಸಿಲ್ ಕೇಳಿಸ್ತಿತ್ತು, ಹತ್ತು ನಿಮಿಷ ಕೂತು ಎದ್ದು ಸ್ಟೇಷನ್‌ಗೆ ಆಟೋ ಹತ್ತಿದೆ.